‘ನಮ್ಮ ಜನ ಇರೋದೇ ಹೀಗೆ’ ಅನ್ನುವವರು ಎಲ್ಲಿ ನಿಂತಿರುತ್ತಾರೆ?

ಏಡಿಗಳ ಕಥೆಯಿಂದ ಶುರು ಮಾಡುತ್ತೇನೆ. ನಿಮಗೆ ಗೊತ್ತಿರುವ ಕಥೆಯೇ. ಎಲ್ಲೋ ಹೊರದೇಶದ ಮೀನು ಮಾರ್ಕೆಟ್ಟು. ಸಾಲಾಗಿ ಏಡಿ ಬುಟ್ಟಿಗಳು. ಎಲ್ಲದಕ್ಕೂ ಮುಚ್ಚಳ ಹಾಕಿದೆ, ಒಂದಕ್ಕೆ ಮಾತ್ರ ಇಲ್ಲ. ಯಾಕಪ್ಪಾ ಅಂತ ಕೇಳಿದರೆ ಮಾರುವವನು ಹೇಳುತ್ತಾನೆ: ‘ಅವು ಇಂಡಿಯಾದ ಏಡಿಗಳು ಸ್ವಾಮಿ. ಒಂದು ಮೇಲೆ ಹತ್ತಿದರೆ ಉಳಿದವು ಕಾಲು ಹಿಡಿದು ಕೆಳಗೆ ಎಳೆಯುತ್ತವೆ. ಸುಮ್ನೆ ಮುಚ್ಚಳದ ಖರ್ಚು ಯಾಕೆ?’ ನವೆಂಬರ್ ತಿಂಗಳ ವೇದಿಕೆಯಲ್ಲಿ ಹೇಳಿದರೆ ಅವೇ ಕನ್ನಡಿಗರ ಏಡಿಗಳಾಗುತ್ತವೆ. ಜಾತಿ ಸಂಘದ ವಾರ್ಷಿಕ ಸಭೆಯಲ್ಲಿ ಆ ಜಾತಿಯ ಏಡಿಗಳು. ಎಲ್ಲ ಕಡೆಯೂ ಜನ ಜೋರಾಗಿ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ತಮ್ಮನ್ನು ಬೈದಿದ್ದಕ್ಕೆ ಚಪ್ಪಾಳೆ!

ಈ ಕಥೆ ನಮ್ಮದೊಂದೇ ಅಲ್ಲ. ಫಿಲಿಪೀನ್ಸ್‌ನ ಜನ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ದೊಡ್ಡ ದೂರು ಇದೇ. ‘ಏಡಿ ಬುದ್ಧಿ’ ಅನ್ನುವುದು ಅಲ್ಲಿ ಪತ್ರಿಕೆಯಲ್ಲೂ ಬರುತ್ತದೆ, ಮನೆಜಗಳದಲ್ಲೂ ಬರುತ್ತದೆ. ಪೋಲೆಂಡಿಗೆ ಹೋದರೆ ಏಡಿಯ ಬದಲು ನರಕ. ಒಂದೊಂದು ದೇಶದವರಿಗೆ ಒಂದೊಂದು ಕುದಿಯುವ ಕೊಪ್ಪರಿಗೆ, ಯಾರೂ ಹತ್ತಿ ಓಡಿಹೋಗದಂತೆ ಸುತ್ತಲೂ ಸೈತಾನನ ಕಡೆಯವರ ಕಾವಲು. ಪೋಲಿಷ್ ಕೊಪ್ಪರಿಗೆಗೆ ಮಾತ್ರ ಕಾವಲಿಲ್ಲ. ಒಬ್ಬ ಹತ್ತಿದರೆ ಉಳಿದವರೇ ಎಳೆದು ಹಾಕುತ್ತಾರಂತೆ. ಇದನ್ನು ಪೋಲೆಂಡಿನವರ ಬಗ್ಗೆ ಪಕ್ಕದ ದೇಶದವರು ಹೇಳುವುದಿಲ್ಲ, ಅವರೇ ಹೇಳಿಕೊಳ್ಳುತ್ತಾರೆ. ಇದು ಪೋಲೆಂಡಿನವರಿಗೆ ಮಾತ್ರ ಇರುವ ಕಾಯಿಲೆ ಅಂತ ನಂಬಿಕೊಂಡೇ ಹೇಳುತ್ತಾರೆ.

ಇಲ್ಲಿ ಇನ್ನೊಂದು ತಮಾಷೆ ಇದೆ. ಕಥೆ ಹೇಳುವವನು ಯಾವ ಏಡಿ? ಹತ್ತುತ್ತಿರುವ ಏಡಿಯೇ? ಎಳೆಯುತ್ತಿರುವ ಏಡಿಯೇ? ಎರಡೂ ಅಲ್ಲ. ಅವನು ಬುಟ್ಟಿಯ ಹೊರಗೆ ನಿಂತು ನೋಡುತ್ತಿದ್ದಾನೆ. ‘ನಮ್ಮ ಜನ ಸರಿ ಇಲ್ಲ ಸಾರ್, ನಮ್ಮವರಿಗೆ ಶಿಸ್ತು ಅನ್ನೋದೇ ಇಲ್ಲ’ ಅಂತ ಟ್ರಾಫಿಕ್ ಸಿಗ್ನಲ್ಲಿನಲ್ಲಿ ಹೇಳುವವರನ್ನು ಗಮನಿಸಿ. ಅವರು ಆ ‘ನಮ್ಮವರ’ ಲೆಕ್ಕಕ್ಕೆ ತಮ್ಮನ್ನು ಸೇರಿಸಿಕೊಂಡಿರುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಹೆಚ್ಚು ಕಮ್ಮಿ ಇದರ ಸುತ್ತಲೇ. ಒಂದು ದೇಶದವರು ಹೀಗೆ, ನಾವು ಹೀಗೆ ಅನ್ನುವ ಮಾತು ಅಳತೆ ಮಾಡಿ ಹೇಳಿದ್ದಲ್ಲ. ಪಕ್ಕದವರನ್ನು ನೋಡಿ, ಆ ಕಾಲದ ಹಣೆಬರಹ ನೋಡಿ ಹೇಳಿದ್ದು. ಹೇಳುವವನಿಗೆ ಅದರಿಂದ ಏನೋ ಉಪಯೋಗವೂ ಇರುತ್ತದೆ.

ಒಂದು ಹಳೆಯ ಚಿತ್ರಪಟದ ಬಗ್ಗೆ ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಆಸ್ಟ್ರಿಯಾದ ಸ್ಟೈರಿಯಾ ಸೀಮೆಯಲ್ಲಿ 18ನೇ ಶತಮಾನದ ಮೊದಲ ಭಾಗದಲ್ಲಿ ಯಾರೋ ಬರೆದದ್ದು. ಬರೆದವರ ಹೆಸರಿಲ್ಲ. ಮೇಲೆ ಸಾಲಾಗಿ ಹತ್ತು ಜನ ತಮ್ಮ ತಮ್ಮ ದೇಶದ ಬಟ್ಟೆ ಹಾಕಿಕೊಂಡು ನಿಂತಿದ್ದಾರೆ. ಸ್ಪೇನಿನವನು, ಫ್ರಾನ್ಸಿನವನು, ಇಟಲಿಯವನು, ಜರ್ಮನ್, ಇಂಗ್ಲಿಷಿನವನು, ಸ್ವೀಡನ್ನಿನವನು, ಪೋಲೆಂಡಿನವನು, ಹಂಗೇರಿಯವನು, ಮಾಸ್ಕೋದವನು. ಕೊನೆಯವನು ‘ತುರ್ಕಿ ಅಥವಾ ಗ್ರೀಕ್’. ಅಥವಾ ಅಂತೆ! ಇಬ್ಬರಿಗೂ ಸೇರಿ ಒಂದೇ ಕಾಲಂ. ಕೆಳಗೆ ನಮ್ಮ ಶಾಲೆಯ ಅಂಕಪಟ್ಟಿಯ ಥರ ಕೋಷ್ಟಕ. ಬುದ್ಧಿ ಹೇಗೆ, ಸ್ವಭಾವ ಹೇಗೆ, ಯಾವ ಕಾಯಿಲೆ ಬರುತ್ತದೆ, ಯಾವ ಪ್ರಾಣಿಗೆ ಹೋಲುತ್ತಾನೆ, ಹೊತ್ತು ಹೇಗೆ ಕಳೆಯುತ್ತಾನೆ, ಎಲ್ಲಿ ಸಾಯುತ್ತಾನೆ. ಎಲ್ಲದಕ್ಕೂ ಒಂದೊಂದು ಪದದ ಉತ್ತರ.

ಪ್ರಾಣಿಗಳ ಸಾಲು ನೋಡಿ. ಸ್ಪೇನಿನವನು ಆನೆ, ಫ್ರಾನ್ಸಿನವನು ನರಿ, ಇಂಗ್ಲಿಷಿನವನು ಕುದುರೆ, ಸ್ವೀಡನ್ನಿನವನು ಎತ್ತು, ಪೋಲೆಂಡಿನವನು ಕರಡಿ, ಹಂಗೇರಿಯವನು ತೋಳ, ಮಾಸ್ಕೋದವನು ಕತ್ತೆ, ತುರ್ಕಿಯವನು ಬೆಕ್ಕು. ಜರ್ಮನ್? ಸಿಂಹ. ಪಟ ಬರೆದದ್ದು ಜರ್ಮನ್ ಭಾಷೆಯಲ್ಲಿ ಅನ್ನುವುದನ್ನು ಮರೆಯಬೇಡಿ. ಸ್ವಭಾವದ ಸಾಲಿನಲ್ಲಿ ಜರ್ಮನ್ನನ ಎದುರು ‘ಪೂರ್ತಿ ಒಳ್ಳೆಯದು’ ಅಂತ ಇದೆ. ಸ್ವೀಡನ್ನಿನವನ ಎದುರು ‘ಕ್ರೂರ’. ಪೋಲೆಂಡಿನವನು ‘ಇನ್ನೂ ಒರಟು’. ಹಂಗೇರಿಯವನು ‘ಎಲ್ಲರಿಗಿಂತ ಕ್ರೂರ’. ಮಾಸ್ಕೋದವನ ಹತ್ತಿರ ಬರುವಷ್ಟರಲ್ಲಿ ಬರೆಯುವವನಿಗೆ ಪದ ಮುಗಿದಿರಬೇಕು, ‘ಹಂಗೇರಿಯವನ ಹಾಗೇ’ ಅಂತ ಬರೆದು ಕೈ ತೊಳೆದುಕೊಂಡಿದ್ದಾನೆ.

ಆದರೆ ಜರ್ಮನ್ನನ ಕಾಲಂ ಪೂರ್ತಿ ಓದಿ. ಹೊತ್ತು ಹೇಗೆ ಕಳೆಯುತ್ತಾನೆ? ಕುಡಿಯುತ್ತಾ. ಎಲ್ಲಿ ಸಾಯುತ್ತಾನೆ? ವೈನಿನಲ್ಲಿ. ಬಟ್ಟೆ ಹೇಗೆ? ಕಂಡವರನ್ನೆಲ್ಲ ನಕಲು ಮಾಡುತ್ತಾನೆ. ತನ್ನ ಬಗ್ಗೆ ತಾನೇ ಬರೆದುಕೊಳ್ಳುವವನೂ ದೋಷ ಬರೆಯುತ್ತಾನೆ. ಎಂಥ ದೋಷ? ಮುದ್ದಾದ ದೋಷ. ಸ್ವಲ್ಪ ಕುಡೀತೀವಿ, ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ. ನಮ್ಮಲ್ಲೂ ಇದೇ ಅಲ್ವಾ? ‘ನಾವು ಕನ್ನಡಿಗರು ಅತಿ ಒಳ್ಳೆಯವರು ಸಾರ್, ಅದೇ ನಮ್ಮ ಪ್ರಾಬ್ಲಂ.’ ಕೆಲಸದ ಇಂಟರ್‌ವ್ಯೂನಲ್ಲಿ ನಿಮ್ಮ ದೌರ್ಬಲ್ಯ ಏನು ಅಂದರೆ ‘ನಾನು ಜಾಸ್ತಿ ಕೆಲಸ ಮಾಡಿಬಿಡ್ತೀನಿ’ ಅನ್ನುವವರ ಉತ್ತರವೂ ಇದೇ ಜಾತಿಯದು.

ಸ್ವೀಡನ್ನಿನವನು ಕ್ರೂರ ಅಂದಾಗ ನಿಮಗೆ ವಿಚಿತ್ರ ಅನ್ನಿಸಿರಬೇಕು. ಇವತ್ತು ಸ್ವೀಡನ್ ಅಂದರೆ ನಮಗೆ ನೆನಪಾಗುವುದು ಶಾಂತ ಜನ, ನೊಬೆಲ್ ಬಹುಮಾನ, ಮಟ್ಟಸವಾದ ಪೀಠೋಪಕರಣ. ಆದರೆ ಆ ಪಟ ಬರೆದವನ ಮುತ್ತಜ್ಜನ ಕಾಲದಲ್ಲಿ, ಅಂದರೆ 1618ರಿಂದ 1648ರ ತನಕ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ, ಸ್ವೀಡನ್ ಸೈನ್ಯ ಜರ್ಮನ್ ಊರುಗಳನ್ನು ಸುಲಿದು ಹೋಗಿತ್ತು. ಬಾಯಿಗೆ ಗಲೀಜು ನೀರು ಸುರಿದು ಹಿಂಸೆ ಕೊಡುವ ಒಂದು ವಿಧಾನಕ್ಕೆ ಜರ್ಮನ್ನರು ಸ್ವೀಡನ್ನಿನವರ ಹೆಸರನ್ನೇ ಇಟ್ಟಿದ್ದರು. ಅದೇ ಸ್ವೀಡನ್ 1814ರ ನಂತರ ಯಾವ ಯುದ್ಧಕ್ಕೂ ಇಳಿದಿಲ್ಲ. ಜನ ಬದಲಾದರೋ? ರಕ್ತ ಬದಲಾಯಿತೋ? ಸಾಮ್ರಾಜ್ಯ ಹೋಯಿತು, ಸೈನ್ಯ ಕಳಿಸುವ ಕಾರಣ ಹೋಯಿತು. ಅಷ್ಟೇ.

ಇನ್ನು ಜಪಾನ್. ಜಪಾನಿನವರು ಅಂದರೆ ಸಮಯಪಾಲನೆ, ದುಡಿಮೆ. 2017ರಲ್ಲಿ ಟೋಕಿಯೋ ಹತ್ತಿರದ ಒಂದು ರೈಲು ಕಂಪನಿ, ರೈಲು 20 ಸೆಕೆಂಡ್ ಮುಂಚೆ ಹೊರಟಿತು ಅಂತ ಕ್ಷಮೆ ಕೇಳಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ನೂರು ನೂರೈವತ್ತು ವರ್ಷ ಹಿಂದೆ ಹೋಗೋಣ. 1850ರ ದಶಕದಲ್ಲಿ ನಾಗಸಾಕಿಯಲ್ಲಿ ಜಪಾನೀಯರಿಗೆ ನೌಕಾವಿದ್ಯೆ ಕಲಿಸಲು ಹೋಗಿದ್ದ ಡಚ್ ಅಧಿಕಾರಿ ಕಾಟೆಂಡೈಕೆ, ಈ ಜನ ಹೇಳಿದ ಹೊತ್ತಿಗೆ ಬರುವುದೇ ಇಲ್ಲ ಅಂತ ಗೋಳಾಡಿದ್ದಾನೆ. 1903ರಲ್ಲಿ ಸಿಡ್ನಿ ಗ್ಯೂಲಿಕ್ ಅನ್ನುವ ಅಮೆರಿಕನ್ ಮಿಷನರಿ, ಜಪಾನಿನಲ್ಲಿ ಬಹಳ ವರ್ಷ ಇದ್ದವನು, ಅನೇಕ ಜಪಾನೀಯರು ಸೋಮಾರಿಗಳ ಹಾಗೆ, ಕಾಲ ಕಳೆಯುವುದರ ಪರಿವೆಯೇ ಇಲ್ಲದವರ ಹಾಗೆ ಕಾಣುತ್ತಾರೆ ಎಂದು ಬರೆದ. ಇದನ್ನು ಕೇಳಿದರೆ ನಮ್ಮ ‘ಇಂಡಿಯನ್ ಟೈಮ್’ ಜೋಕು ನೆನಪಾಗುವುದಿಲ್ಲವೇ?

ಹಾಗಾದರೆ ನಡುವೆ ಏನಾಯಿತು? 1872ರಲ್ಲಿ ಟೋಕಿಯೋದ ಶಿಂಬಾಶಿಯಿಂದ ಯೋಕೊಹಾಮಾಗೆ ರೈಲು ಬಂತು. 1873ರಲ್ಲಿ ಸರ್ಕಾರ ಹಳೆಯ ಪಂಚಾಂಗ ಬಿಟ್ಟು ಯೂರೋಪಿನ ಕ್ಯಾಲೆಂಡರ್ ತಂದಿತು. ಶಾಲೆ, ಸೈನ್ಯ, ಕಾರ್ಖಾನೆ, ಎಲ್ಲ ಕಡೆ ಗಂಟೆ ಹೊಡೆಯಲು ಶುರುವಾಯಿತು. ಆದರೂ ಸಾಲದು ಅನ್ನಿಸಿ 1920ರಲ್ಲಿ ಜೂನ್ 10ನ್ನು ಸಮಯದ ದಿನ ಅಂತ ಮಾಡಿ, ಹೊತ್ತಿಗೆ ಸರಿಯಾಗಿ ಬನ್ನಿ ಎಂದು ಜನರಿಗೆ ಪ್ರಚಾರ ಮಾಡಿದರು. ಹುಟ್ಟಿನಿಂದಲೇ ಬಂದ ಗುಣವಾಗಿದ್ದರೆ ಅದಕ್ಕೊಂದು ದಿನಾಚರಣೆ ಯಾಕೆ ಬೇಕಿತ್ತು?

ಜರ್ಮನ್ನರ ಕಥೆ ಇನ್ನೂ ಚೆನ್ನಾಗಿದೆ. ಈಗ ಅಲ್ಲಿ ನಮ್ಮ ಕನ್ನಡದ ಹುಡುಗ ಹುಡುಗಿಯರು ತುಂಬಾ ಜನ ಇದ್ದಾರೆ, ಸಾಫ್ಟ್‌ವೇರ್ ಕೆಲಸಕ್ಕೆ, ಓದುವುದಕ್ಕೆ. ಹೋಗುವ ಮೊದಲು ಎಲ್ಲರ ತಲೆಯಲ್ಲೂ ಒಂದೇ ಚಿತ್ರ, ಗಡಿಯಾರದ ಮುಳ್ಳಿನ ಹಾಗೆ ನಡೆಯುವ ದೇಶ ಅಂತ. ಹೋಗಿ ಒಂದು ಚಳಿಗಾಲ ಕಳೆದ ಮೇಲೆ ಅವರ ಫೋನ್ ಮಾತೆಲ್ಲ ರೈಲು ತಪ್ಪಿದ್ದು, ರೈಲು ರದ್ದಾದದ್ದು. ಇದು ಬರೀ ಗೊಣಗಾಟ ಅಲ್ಲ. 2024ರಲ್ಲಿ ಜರ್ಮನ್ ರೈಲ್ವೆಯ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ಶೇಕಡ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ತಡವನ್ನು ತಡ ಅಂತ ಲೆಕ್ಕಕ್ಕೆ ಹಿಡಿಯದೆ. ಬರ್ಲಿನ್ನಿನ ಹೊಸ ವಿಮಾನ ನಿಲ್ದಾಣ 2011ರಲ್ಲಿ ಶುರುವಾಗಬೇಕಿತ್ತು, ಶುರುವಾದದ್ದು 2020ರ ಅಕ್ಟೋಬರ್ 31ಕ್ಕೆ. ನಮ್ಮ ಊರಿನ ಫ್ಲೈಓವರ್ ನೆನೆಸಿಕೊಂಡು ನಿಟ್ಟುಸಿರು ಬಿಡುವವರಿಗೆ ಸ್ವಲ್ಪ ಸಮಾಧಾನ ಆಗಬಹುದು. 1840ರ ದಶಕದಲ್ಲಿ ಇಂಗ್ಲೆಂಡಿನ ಲೇಖಕಿ ಮೇರಿ ಶೆಲ್ಲಿ ಅಲ್ಲಿ ಕುದುರೆಗಾಡಿಯಲ್ಲಿ ಓಡಾಡಿ ಬೇಸತ್ತು, ಈ ಜರ್ಮನ್ನರು ಯಾವತ್ತೂ ಅವಸರ ಮಾಡುವವರಲ್ಲ ಎಂದು ಬರೆದಿದ್ದಳು. ಆಗ ಇಂಗ್ಲಿಷರ ಕಣ್ಣಿಗೆ ಜರ್ಮನ್ನರು ನಿಧಾನದ ಜನ, ಮಂದ ಜನ. ಕೈಗಾರಿಕೆ ಬಂದು ದುಡ್ಡು ಬಂದ ಮೇಲೆ ಅದೇ ನಿಧಾನಕ್ಕೆ ‘ಅಚ್ಚುಕಟ್ಟು’ ಅಂತ ಹೆಸರಾಯಿತು.

ದುಡ್ಡಿನ ಮಾತು ಬಂದಿದ್ದರಿಂದ ಗ್ರೀಸ್ ಬಗ್ಗೆಯೂ ಒಂದು ಮಾತು. 2010ರಲ್ಲಿ ಗ್ರೀಸ್ ಸಾಲದಲ್ಲಿ ಮುಳುಗಿದಾಗ ಜರ್ಮನಿಯ ಬಿಲ್ಡ್ ಪತ್ರಿಕೆ, ನಿಮ್ಮ ದ್ವೀಪಗಳನ್ನು ಮಾರಿಕೊಳ್ಳಿ ಎಂದು ಗ್ರೀಕರಿಗೆ ಬುದ್ಧಿ ಹೇಳಿತು. ಸೋಮಾರಿಗಳು, ಬಿಸಿಲಲ್ಲಿ ಮಲಗುವವರು, ನಮ್ಮ ದುಡ್ಡಲ್ಲಿ ಬದುಕುವವರು ಅನ್ನುವ ಮಾತು ಎಲ್ಲ ಕಡೆ. ದಕ್ಷಿಣದ ದೇಶಗಳವರ ರಜೆ ಮತ್ತು ನಿವೃತ್ತಿಯ ಬಗ್ಗೆ 2011ರಲ್ಲಿ ಚಾನ್ಸಲರ್ ಆಂಗೆಲಾ ಮರ್ಕೆಲ್ ಕೂಡ ಭಾಷಣದಲ್ಲಿ ಎತ್ತಿ ಆಡಿದರು. ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಓಇಸಿಡಿಯ ಲೆಕ್ಕ ತೆಗೆದು ನೋಡಿದರೆ, ಒಬ್ಬ ಗ್ರೀಕ್ ಕೆಲಸಗಾರ ವರ್ಷಕ್ಕೆ ಸುಮಾರು 2,000 ಗಂಟೆ ದುಡಿಯುತ್ತಿದ್ದ, ಒಬ್ಬ ಜರ್ಮನ್ ಸುಮಾರು 1,400. ಗಂಟೆಗೆ ಎಷ್ಟು ಉತ್ಪಾದನೆ ಅನ್ನುವುದು ಬೇರೆ ಪ್ರಶ್ನೆ, ಅಲ್ಲಿ ಜರ್ಮನಿ ಬಹಳ ಮುಂದೆ, ಅರೆಕಾಲಿಕ ಕೆಲಸದ ಲೆಕ್ಕವೂ ಅಡ್ಡ ಬರುತ್ತದೆ, ಒಪ್ಪೋಣ. ಆದರೆ ಸೋಮಾರಿ ಅನ್ನುವ ಮಾತು? ಅದು ಆ ಅಂಕಿಯ ಮುಂದೆ ನಿಲ್ಲುವುದಿಲ್ಲ.

ಇದನ್ನೆಲ್ಲ ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದಾರಾ ಅಂತ ನೀವು ಕೇಳಬಹುದು. ನೋಡಿದ್ದಾರೆ. 1933ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕಾಟ್ಜ್ ಮತ್ತು ಬ್ರೇಲಿ ಎಂಬಿಬ್ಬರು 100 ವಿದ್ಯಾರ್ಥಿಗಳ ಕೈಗೆ 84 ವಿಶೇಷಣಗಳ ಪಟ್ಟಿ ಕೊಟ್ಟರು. ಹತ್ತು ಜನಾಂಗಗಳಿಗೆ ಯಾವ್ಯಾವುದು ಹೊಂದುತ್ತದೆ, ಆರಿಸಿ ಅಂದರು. ಜರ್ಮನ್ನರು ವೈಜ್ಞಾನಿಕ ಬುದ್ಧಿಯವರು ಅಂತ 78 ಜನ ಹೇಳಿದರು. ತುರ್ಕಿಯವರು ಕ್ರೂರಿಗಳು ಅಂತ ಹೆಚ್ಚು ಕಮ್ಮಿ ಅರ್ಧದಷ್ಟು ಹುಡುಗರು ಹೇಳಿದರು. ಅವರಲ್ಲಿ ಹೆಚ್ಚಿನವರು ಜೀವನದಲ್ಲಿ ಒಬ್ಬ ತುರ್ಕಿಯವನನ್ನೂ ಕಂಡವರಲ್ಲ. ಜಪಾನೀಯರಿಗೆ ಆಗ ಸಿಕ್ಕಿದ್ದು ಬುದ್ಧಿವಂತರು, ಶ್ರಮಜೀವಿಗಳು ಅನ್ನುವ ಪದಗಳು. ನಡುವೆ ಅಮೆರಿಕದ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ಆಯಿತು. 1951ರಲ್ಲಿ ಅದೇ ಕಾಲೇಜಿನಲ್ಲಿ ಅದೇ ಪಟ್ಟಿ ಕೊಟ್ಟರೆ ಜಪಾನೀಯರು ನಕಲು ಮಾಡುವವರು, ಕಪಟಿಗಳು. 1960ರ ದಶಕದ ಕೊನೆಗೆ ಮತ್ತೆ ಕೇಳಿದರೆ ಮತ್ತೆ ಶ್ರಮಜೀವಿಗಳು.

ಇದಕ್ಕಿಂತ ನಗು ಬರುವುದು ಯೂಜೀನ್ ಹಾರ್ಟ್‌ಲಿ ಎಂಬ ಮನಶ್ಶಾಸ್ತ್ರಜ್ಞ ಮಾಡಿದ ಕೆಲಸ. 1946ರಲ್ಲಿ ಪ್ರಕಟವಾದ ಅಧ್ಯಯನ. ಬೇರೆ ಬೇರೆ ಜನಾಂಗಗಳ ಪಟ್ಟಿಯಲ್ಲಿ ‘ಡ್ಯಾನಿರಿಯನ್ನರು’, ‘ಪೈರಿನಿಯನ್ನರು’ ಅಂತೆಲ್ಲ ತಾನೇ ಹುಟ್ಟಿಸಿದ ಹೆಸರುಗಳನ್ನು ಸೇರಿಸಿಬಿಟ್ಟ. ಅಂಥ ಜನ ಭೂಮಿಯ ಮೇಲೆ ಇಲ್ಲ. ಆದರೂ ಇವರು ನಮ್ಮ ಪಕ್ಕದ ಮನೆಗೆ ಬೇಡ, ನಮ್ಮ ದೇಶಕ್ಕೇ ಬೇಡ ಅಂದ ವಿದ್ಯಾರ್ಥಿಗಳಿದ್ದರು. ಯಹೂದಿಗಳನ್ನೋ ಕರಿಯರನ್ನೋ ಕಂಡರೆ ಆಗದವರೇ ಈ ಇಲ್ಲದ ಜನರನ್ನೂ ಹೆಚ್ಚಾಗಿ ಬೇಡ ಅಂದದ್ದು.

ಇವೆಲ್ಲ ಇನ್ನೊಬ್ಬರ ಬಗ್ಗೆ ಹೇಳಿದ ಮಾತಾಯಿತು. ನಮ್ಮ ಬಗ್ಗೆ ನಾವು ಹೇಳುವುದಾದರೂ ನಿಜ ಇರಬೇಕಲ್ಲ? ನಮ್ಮನ್ನು ನಾವು ದಿನಾ ನೋಡುತ್ತೇವೆ. ಇದನ್ನೇ ಟೆರಚಾನೊ, ಮೆಕ್ರೇ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ಪರೀಕ್ಷಿಸಿದರು, 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 49 ಸಂಸ್ಕೃತಿಗಳ ಸುಮಾರು 4,000 ಜನರನ್ನು, ನಿಮ್ಮ ದೇಶದ ಸಾಮಾನ್ಯ ಮನುಷ್ಯ ಹೇಗಿರುತ್ತಾನೆ ಅಂತ ಕೇಳಿದರು. ಇನ್ನೊಂದು ಕಡೆ ಅದೇ ದೇಶಗಳಲ್ಲಿ ಒಬ್ಬೊಬ್ಬ ವ್ಯಕ್ತಿಯ ಸ್ವಭಾವವನ್ನು ಅಳೆದ ಅಂಕಿ ಇತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಹೊಂದಿಕೆಯೇ ಆಗಲಿಲ್ಲ. ನಾವು ಮೃದು ಸ್ವಭಾವದವರು ಅಂತ ಕೆನಡಾದವರು ಹೇಳಿಕೊಂಡರು, ನಾವು ಮುನ್ನುಗ್ಗುವವರು ಅಂತ ಅಮೆರಿಕದವರು. ಅಳೆದು ನೋಡಿದರೆ ಇಬ್ಬರೂ ಹೆಚ್ಚು ಕಮ್ಮಿ ಒಂದೇ. ಭಾರತದವರು ಏನು ಹೇಳಿದರು ಗೊತ್ತಾ? ನಮ್ಮ ಜನ ಕಟ್ಟುಪಾಡು ಮೀರುವವರು, ಹೊಸದಕ್ಕೆಲ್ಲ ತೆರೆದುಕೊಂಡವರು! ಒಬ್ಬೊಬ್ಬರನ್ನಾಗಿ ಅಳೆದಾಗ ಉಳಿದ ಜಗತ್ತಿಗಿಂತ ಸಂಪ್ರದಾಯಸ್ಥರು. ಝೆಕ್ ದೇಶದವರದ್ದು ಉಲ್ಟಾ. ನಾವು ಜಗಳಗಂಟರು, ಒರಟರು ಅಂದರು, ಅಳೆದರೆ ವಿನಯವಂತರು.

ಈ ಅಧ್ಯಯನಕ್ಕೆ ಆಕ್ಷೇಪಣೆಯೂ ಬಂತು, ಅದನ್ನೂ ಹೇಳಬೇಕು. ಪ್ರಶ್ನಾವಳಿಯಲ್ಲಿ ‘ನಾನು ಶಿಸ್ತಿನವನು’ ಅಂತ ಗುರುತು ಹಾಕುವವನು ತನ್ನ ಸುತ್ತಲಿನವರ ಜೊತೆ ಹೋಲಿಸಿಕೊಂಡೇ ಹಾಕುತ್ತಾನೆ. ಎಲ್ಲರೂ ಶಿಸ್ತಿನವರಾಗಿರುವ ಊರಿನಲ್ಲಿ ಐದು ನಿಮಿಷ ತಡ ಮಾಡುವವನೂ ತಾನು ಅಶಿಸ್ತಿನವನು ಅಂದುಕೊಳ್ಳುತ್ತಾನೆ. ಸರಿಯಾದ ಆಕ್ಷೇಪಣೆ. ಆದರೆ ಅದು ಕೂಡ ನನ್ನ ಮಾತಿಗೇ ಬಂದು ನಿಲ್ಲುತ್ತದೆ. ನಾವು ಹೀಗೆ ಅನ್ನುವ ಯಾವ ಮಾತಿನ ಹಿಂದೆಯೂ ಯಾರ ಪಕ್ಕದಲ್ಲಿ ನಿಂತು ಅನ್ನುವ ಪ್ರಶ್ನೆ ಇದೆ.

ಕೆನಡಾ ಇದಕ್ಕೆ ಒಳ್ಳೆಯ ಉದಾಹರಣೆ. ಪಕ್ಕದಲ್ಲೇ ಆನೆಯಂಥ ಅಮೆರಿಕ. ಹಾಗಾಗಿ ಕೆನಡಾದವರು ತಮ್ಮ ಬಗ್ಗೆ ಹೇಳುವುದೆಲ್ಲ ‘ನಾವು ಅವರಲ್ಲ’ ಅನ್ನುವುದರ ಬೇರೆ ಬೇರೆ ರೂಪ. ಅವರು ಗಲಾಟೆ, ನಾವು ಮೆತ್ತಗೆ. ಅವರಿಗೆ ಬಂದೂಕು, ನಮಗೆ ಸರ್ಕಾರಿ ಆಸ್ಪತ್ರೆ. 1970ರ ದಶಕದ ಮೊದಲಲ್ಲಿ ಅಲ್ಲಿನ ಸಿಬಿಸಿ ರೇಡಿಯೋದಲ್ಲಿ ಪೀಟರ್ ಗ್ಜೋವ್ಸ್ಕಿ ಅನ್ನುವವರು ಒಂದು ಸ್ಪರ್ಧೆ ಇಟ್ಟರು. ಅಮೆರಿಕದವರು ‘ಆಪಲ್ ಪೈನಷ್ಟೇ ಅಮೆರಿಕನ್’ ಅನ್ನುತ್ತಾರಲ್ಲ, ಹಾಗೆ ‘ಇಂಥದ್ದರಷ್ಟೇ ಕೆನೇಡಿಯನ್’ ಅನ್ನುವ ಮಾತನ್ನು ಪೂರ್ತಿ ಮಾಡಿ ಕಳಿಸಿ ಅಂತ. ಗೆದ್ದ ಉತ್ತರ: ‘ಸದ್ಯದ ಪರಿಸ್ಥಿತಿಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಕೆನೇಡಿಯನ್.’ ಇಷ್ಟು ಚೆನ್ನಾಗಿ ತನ್ನನ್ನು ತಾನು ಬಣ್ಣಿಸಿಕೊಂಡ ದೇಶ ಇನ್ನೊಂದು ಇದೆಯೋ ಇಲ್ಲವೋ! ಮಾತು ಮಾತಿಗೂ ಸಾರಿ ಅನ್ನುವವರು ಅನ್ನುವ ಹೆಸರು ಅವರಿಗೆ ಎಷ್ಟು ಅಂಟಿಕೊಂಡಿದೆ ಅಂದರೆ, ಒಂಟಾರಿಯೋ ಪ್ರಾಂತ 2009ರಲ್ಲಿ ಒಂದು ಕಾನೂನನ್ನೇ ಮಾಡಿದಾಗ ಎಲ್ಲರೂ ಅದನ್ನೇ ನೆನೆಸಿಕೊಂಡು ನಕ್ಕರು. ಸಾರಿ ಅಂದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡ ಹಾಗಲ್ಲ, ಅದನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ ಅಂತ ಆ ಕಾನೂನು. ನಿಜವಾಗಿ ಅದರ ಉದ್ದೇಶ ಡಾಕ್ಟರು ಮತ್ತಿತರರು ಹೆದರದೆ ಕ್ಷಮೆ ಕೇಳಲಿ ಅನ್ನುವುದು, ಅಂಥದೇ ಕಾನೂನು ಅಮೆರಿಕದ ಹಲವು ರಾಜ್ಯಗಳಲ್ಲೂ ಇದೆ. ಆದರೆ ಅಮೆರಿಕದ ಕಾನೂನು ನೋಡಿ ಯಾರೂ ನಗುವುದಿಲ್ಲ, ಅವರ ಹೆಸರಿಗೆ ಅದು ಹೊಂದುವುದಿಲ್ಲವಲ್ಲ.

ಬ್ರೆಜಿಲ್ ಬೇರೆ ಥರ. 1950ರ ಫುಟ್‌ಬಾಲ್ ವಿಶ್ವಕಪ್ಪನ್ನು ತಮ್ಮದೇ ಮರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆಗೆ ಸೋತ ಮೇಲೆ ಆ ದೇಶಕ್ಕೆ ಏನೋ ಗರ ಬಡಿದ ಹಾಗಾಯಿತು. ನಾಟಕಕಾರ, ಅಂಕಣಕಾರ ನೆಲ್ಸನ್ ರೊಡ್ರಿಗೆಸ್ ಇದಕ್ಕೆ ‘ಬೀದಿನಾಯಿ ಮನೋಭಾವ’ ಅಂತ ಹೆಸರಿಟ್ಟರು. ಜಗತ್ತಿನ ಮುಂದೆ ನಾವು ಕೀಳು ಅಂತ ತಾವೇ ಅಂದುಕೊಳ್ಳುವುದು. ಅವರು ಅದನ್ನು ಬರೆದದ್ದು 1958ರಲ್ಲಿ, ಆ ವರ್ಷದ ವಿಶ್ವಕಪ್ಪಿನ ಹೊತ್ತಿಗೆ. ಆ ವರ್ಷವೇ ಬ್ರೆಜಿಲ್ ಗೆದ್ದಿತು. ಕಪ್ಪುಗಳು ಬರುತ್ತಾ ಹೋದವು, ಆದರೆ ಆ ಮಾತು ಹೋಗಲಿಲ್ಲ. ಇವತ್ತಿಗೂ ರಸ್ತೆ ಕೆಟ್ಟರೂ ಚುನಾವಣೆ ಸೋತರೂ ಅಲ್ಲಿ ಅದೇ ನಾಯಿ ಬೊಗಳುತ್ತದೆ.

ಯೂರೋಪಿನವರು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ 2009ರ ಜನವರಿಯಲ್ಲಿ ನಡೆದದ್ದು ಹೇಳಲೇಬೇಕು. ಆಗ ಯೂರೋಪಿಯನ್ ಒಕ್ಕೂಟದ ಅಧ್ಯಕ್ಷತೆಯ ಸರದಿ ಝೆಕ್ ದೇಶದ್ದು. ಬ್ರಸೆಲ್ಸ್‌ನ ಕಚೇರಿ ಕಟ್ಟಡದಲ್ಲಿ ದೊಡ್ಡ ಕಲಾಕೃತಿ ಇಡಿಸಿದರು. 27 ದೇಶಗಳ 27 ಕಲಾವಿದರು ತಮ್ಮ ತಮ್ಮ ದೇಶದ ಬಗ್ಗೆ ಮಾಡಿದ್ದು ಅಂತ ಹೇಳಿಕೆ. ಬಟ್ಟೆ ಸರಿಸಿ ನೋಡಿದರೆ ಬಲ್ಗೇರಿಯಾ ಅಂದರೆ ಕುಕ್ಕರಗಾಲಿನ ಕಕ್ಕಸುಗಳು. ಫ್ರಾನ್ಸಿನ ಮೇಲೆ ‘ಮುಷ್ಕರ’ ಅನ್ನುವ ಬ್ಯಾನರ್. ರೊಮೇನಿಯಾ ಡ್ರಾಕುಲಾ ಪಾರ್ಕು. ಸ್ವೀಡನ್ ಬಿಚ್ಚದ ಪೀಠೋಪಕರಣದ ಡಬ್ಬ. ಬೆಲ್ಜಿಯಂ ಅರ್ಧ ತಿಂದ ಚಾಕೊಲೇಟ್ ಡಬ್ಬಿ. ನೆದರ್ಲೆಂಡ್ಸ್ ನೀರಲ್ಲಿ ಮುಳುಗಿ ಬರೀ ಮಸೀದಿಯ ಮಿನಾರುಗಳು ಕಾಣುತ್ತಿವೆ. ಬ್ರಿಟನ್ ಜಾಗದಲ್ಲಿ ಏನೂ ಇಲ್ಲ, ಖಾಲಿ. ಆಮೇಲೆ ಅವರು ಒಕ್ಕೂಟ ಬಿಟ್ಟೇ ಹೋದರು, ಅದು ಬೇರೆ ಮಾತು. ಕೊನೆಗೆ ಗೊತ್ತಾದದ್ದು, 27 ಕಲಾವಿದರೂ ಸುಳ್ಳು. ಎಲ್ಲವನ್ನೂ ಪ್ರಾಗ್‌ನ ಶಿಲ್ಪಿ ಡೇವಿಡ್ ಚೆರ್ನಿ ತನ್ನ ಗೆಳೆಯರ ಜೊತೆ ಸೇರಿ ಮಾಡಿದ್ದ. ಬಲ್ಗೇರಿಯಾ ಪ್ರತಿಭಟಿಸಿತು, ಅದರ ಭಾಗಕ್ಕೆ ಕಪ್ಪು ಬಟ್ಟೆ ಮುಚ್ಚಿದರು. ಇದೇ ಕಕ್ಕಸಿನ ಜೋಕನ್ನು ಬಲ್ಗೇರಿಯಾದವನೇ ಮನೆಯಲ್ಲಿ ಕೂತು ಹೇಳಿದ್ದರೆ ಎಲ್ಲರೂ ನಗುತ್ತಿದ್ದರು ಅನ್ನುವುದು ನನ್ನ ಊಹೆ. ನಮ್ಮ ಏಡಿ ಕಥೆಯನ್ನು ದೆಹಲಿಯವನೊಬ್ಬ ಬಂದು ಬೆಂಗಳೂರಿನ ವೇದಿಕೆಯಲ್ಲಿ ಹೇಳಲಿ ನೋಡೋಣ.

ಸರಿ, ನಮ್ಮ ವಿಷಯಕ್ಕೆ ಬರುತ್ತೇನೆ. ಕನ್ನಡಿಗರು ತಮ್ಮ ಬಗ್ಗೆ ಏನು ಹೇಳಿಕೊಳ್ಳುತ್ತಾರೆ? ಸಾಧು, ಹೊಂದಿಕೊಂಡು ಹೋಗುವವರು, ಅಭಿಮಾನ ಕಮ್ಮಿ. ಈ ಅಭಿಮಾನ ಕಮ್ಮಿ ಅನ್ನುವ ಮಾತು ಎಂದೂ ಒಂಟಿಯಾಗಿ ಬರುವುದಿಲ್ಲ, ಹಿಂದೆಯೇ ‘ತಮಿಳರನ್ನು ನೋಡಿ’ ಅಂತ ಬಂದೇ ಬರುತ್ತದೆ. ಪಕ್ಕದವರನ್ನು ತೆಗೆದರೆ ಆ ಮಾತು ಬಿದ್ದುಹೋಗುತ್ತದೆ. ಒಳಗೂ ಅಷ್ಟೇ. ಧಾರವಾಡದವರ ಮುಂದೆ ಮೈಸೂರಿನವರು ನಯ, ಮೈಸೂರಿನವರ ಮುಂದೆ ಧಾರವಾಡದವರು ಖಡಕ್, ಮಂಡ್ಯದವರಿಗೆ ಗತ್ತು, ಮಂಗಳೂರು ಕಡೆಯವರು ಬುದ್ಧಿವಂತರ ಜಿಲ್ಲೆ. ಇವರೆಲ್ಲ ಅಮೆರಿಕದ ಕನ್ನಡ ಕೂಟದಲ್ಲಿ ಸೇರಿದರೆ ಎಲ್ಲರೂ ಸಾಧು ಕನ್ನಡಿಗರು. ಕೂಟದಿಂದ ಆಚೆ ಬಂದು ಆಫೀಸಿಗೆ ಹೋದರೆ ಬರೀ ಇಂಡಿಯನ್.

ಈಗ ಹಳಬರು ಏನಂದಿದ್ದರು ನೋಡಿ. ಸುಮಾರು 850ರ ಹೊತ್ತಿಗೆ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಬಂದ ಕವಿರಾಜಮಾರ್ಗ ಈ ನಾಡಿನವರನ್ನು ಬಣ್ಣಿಸುತ್ತದೆ. ಕುರಿತೋದದೆಯೂ ಕಾವ್ಯ ಬಲ್ಲವರು ಅನ್ನುವ ಸಾಲು ಎಲ್ಲರ ಬಾಯಲ್ಲಿದೆ, ಭಾಷಣಕ್ಕೆ ಅನುಕೂಲ. ಅದರ ಹತ್ತಿರದಲ್ಲೇ ಇನ್ನೊಂದು ಪಟ್ಟಿ ಇದೆ, ನಾಡವರು ಸುಭಟರು, ಕವಿಗಳು, ಗುಣಿಗಳು, ಅಭಿಮಾನಿಗಳು, ಅತ್ಯುಗ್ರರು ಅಂತ. ಅತ್ಯುಗ್ರರು! ಅದಕ್ಕೂ ಹಿಂದಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿರುವ ತ್ರಿಪದಿ ‘ಸಾಧುಗೆ ಸಾಧು’ ಅಂತ ಶುರುವಾಗುತ್ತದೆ, ಅಲ್ಲಿಗೇ ನಿಲ್ಲಿಸಿ ನಾವು ಹೆಮ್ಮೆ ಪಡುತ್ತೇವೆ. ಮುಂದಿನದ್ದು, ಬಾಧಿಸಿದವನಿಗೆ ನಾನು ಏನಾಗುತ್ತೇನೆ ನೋಡು ಅನ್ನುವ ಧಾಟಿ. 7ನೇ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದ ಚೀನಾದ ಹ್ಯುಯೆನ್ ತ್ಸಾಂಗ್ ಕೂಡ ಹೀಗೇ ಬರೆದಿದ್ದಾನೆ. ಈ ಜನ ಉಪಕಾರ ಮರೆಯುವವರಲ್ಲ, ಅವಮಾನವನ್ನೂ ಮರೆಯುವವರಲ್ಲ, ಸೇಡು ತೀರಿಸಿಕೊಳ್ಳುವ ಮೊದಲು ಶತ್ರುವಿಗೆ ಹೇಳಿಯೇ ಹೋಗುತ್ತಾರೆ. ಅವನು ಆ ನಾಡನ್ನು ಮಹಾರಾಷ್ಟ್ರ ಅಂತ ಕರೆದಿದ್ದಾನೆ, ಹಾಗಾಗಿ ಈ ಸಾಲು ಅವರ ಭಾಷಣದಲ್ಲೂ ಬರುತ್ತದೆ, ನಮ್ಮ ಭಾಷಣದಲ್ಲೂ ಬರುತ್ತದೆ. ಗಡಿ ವಿವಾದಕ್ಕೆ ಅದನ್ನೂ ಸೇರಿಸುವುದು ಬೇಡ.

ಅತ್ಯುಗ್ರರು ಅನ್ನಿಸಿಕೊಂಡವರು ಸಾಧುಗಳಾದದ್ದು ಯಾವಾಗ? ನನ್ನ ಅಂದಾಜು ಹೇಳುತ್ತೇನೆ. ರಾಷ್ಟ್ರಕೂಟರ ಆಸ್ಥಾನದಲ್ಲಿ ಕೂತು ಬರೆಯುವವನಿಗೆ ತನ್ನ ಜನ ಉಗ್ರರು ಅಂತಲೇ ಕಾಣಬೇಕು. 20ನೇ ಶತಮಾನದ ಶುರುವಿನಲ್ಲಿ ಕನ್ನಡ ಮಾತಾಡುವವರು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಅಂತ ಹಂಚಿಹೋಗಿದ್ದರು. ಅವರನ್ನು ಒಂದು ಮಾಡಬೇಕು ಅಂತ ಹೊರಟ ಆಲೂರು ವೆಂಕಟರಾಯರ ತಲೆಮಾರು, ನೀವು ನಿಮ್ಮನ್ನೇ ಮರೆತಿದ್ದೀರಿ, ನಿದ್ದೆ ಮಾಡುತ್ತಿದ್ದೀರಿ ಅಂತ ಜನರನ್ನು ಎಬ್ಬಿಸಿತು. ಅದು ವರದಿ ಅಲ್ಲ, ಕೆಲಸ ಮಾಡಿಸುವುದಕ್ಕೆ ಆಡಿದ ಮಾತು, ಕೆಲಸ ಆಯಿತು ಕೂಡ. 1956ರ ನವೆಂಬರ್ 1ಕ್ಕೆ ರಾಜ್ಯ ಬಂತು. ಮಾತು ಮಾತ್ರ ಹಾಗೇ ಉಳಿದುಕೊಂಡಿತು, ಈಗ ಪ್ರತಿ ನವೆಂಬರಿನಲ್ಲೂ ಅದನ್ನೇ ಸತ್ಯ ಅನ್ನುವ ಹಾಗೆ ಹೇಳುತ್ತೇವೆ.

ಇಲ್ಲಿಯವರೆಗೆ ನಗುತ್ತಾ ಬಂದೆವು. ಇಂಥ ಮಾತು ಸರ್ಕಾರದ ಕಡತಕ್ಕೆ ಹೋದರೆ ಏನಾಗುತ್ತದೆ ಅನ್ನುವುದು ಮಾತ್ರ ನಗುವ ವಿಷಯ ಅಲ್ಲ. 1857ರ ನಂತರ ಬ್ರಿಟಿಷರು ಭಾರತೀಯರಲ್ಲಿ ಯಾರು ‘ಯೋಧ ಜನಾಂಗ’, ಯಾರು ಅಲ್ಲ ಅಂತ ವಿಂಗಡಿಸಿದರು. 1885ರಿಂದ ಸೇನಾಪತಿಯಾಗಿದ್ದ ರಾಬರ್ಟ್ಸ್ ಇದನ್ನು ಬಲವಾಗಿ ನಂಬಿದವನು, ದಕ್ಷಿಣದವರು ಅವನ ಲೆಕ್ಕದಲ್ಲಿ ಯುದ್ಧಕ್ಕೆ ಬಾರದವರು. 1871ರಲ್ಲಿ ಇನ್ನೂ ಕೆಟ್ಟದ್ದು ಬಂತು, ಅಪರಾಧಿ ಬುಡಕಟ್ಟುಗಳ ಕಾಯ್ದೆ. ಇಂಥ ಸಮುದಾಯದಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಕಳ್ಳ ಅಂತ. ಊರು ಬಿಟ್ಟು ಹೋಗಲು ಅನುಮತಿ, ಪೊಲೀಸರ ಮುಂದೆ ಹಾಜರಿ. ನಮ್ಮ ಕೊರಮ, ಕೊರಚರಂಥವರು ಇದರಲ್ಲಿ ಸಿಕ್ಕಿಕೊಂಡರು. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ಅವರನ್ನು ಕೂಡಿಹಾಕುವ ವಸಾಹತುಗಳಿದ್ದವು. ಹುಬ್ಬಳ್ಳಿಯ ಆ ಜಾಗಕ್ಕೆ ಸೆಟ್ಲ್‌ಮೆಂಟ್ ಅನ್ನುವ ಹೆಸರು ಇವತ್ತಿಗೂ ಇದೆ. ಆ ಪಟ್ಟಿಯಿಂದ ಅವರನ್ನು ಬಿಡಿಸಿದ್ದು 1952ರ ಆಗಸ್ಟ್ 31ಕ್ಕೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ. ಕಳ್ಳತನ ಆದಾಗ ಪೊಲೀಸರು ಮೊದಲು ಯಾವ ಕೇರಿಗೆ ಹೋಗುತ್ತಾರೆ ಅನ್ನುವುದು ಆಮೇಲೂ ಬಹಳ ಬದಲಾಗಲಿಲ್ಲ.

ಈ ಮಾತನ್ನೆಲ್ಲ ಒಂದು ಸಭೆಯಲ್ಲಿ ಹೇಳಿ ಮುಗಿಸಿದ ಮೇಲೆ ಒಬ್ಬರು ಎದ್ದು ಕೇಳಿದರು: ‘ಹಾಗಾದರೆ ದೇಶ ದೇಶಕ್ಕೆ ವ್ಯತ್ಯಾಸವೇ ಇಲ್ಲ ಅಂತೀರಾ? ನಾವು ಕಣ್ಣಾರೆ ನೋಡ್ತೀವಲ್ಲ ಸಾರ್.’ ಒಳ್ಳೆಯ ಪ್ರಶ್ನೆ. ಖಂಡಿತ ಇದೆ. ರಾಬರ್ಟ್ ಲೆವೀನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಬ್ರೆಜಿಲ್‌ನಲ್ಲಿ ಪಾಠ ಮಾಡಲು ಹೋದಾಗ ಹುಡುಗರು ಆರಾಮಾಗಿ ತಡವಾಗಿ ಬರುವುದನ್ನು ನೋಡಿ ತಲೆ ಕೆಡಿಸಿಕೊಂಡು, ಆಮೇಲೆ 31 ದೇಶಗಳ ನಗರಗಳಲ್ಲಿ ಅಳತೆ ಮಾಡಿಸಿದರು. ಪಾದಚಾರಿಗಳು 60 ಅಡಿ ಎಷ್ಟು ಬೇಗ ನಡೆಯುತ್ತಾರೆ, ಅಂಚೆ ಕಚೇರಿಯಲ್ಲಿ ಸ್ಟಾಂಪು ಕೊಡಲು ಎಷ್ಟು ಹೊತ್ತು, ಬ್ಯಾಂಕಿನ ಗಡಿಯಾರ ಎಷ್ಟು ಸರಿ. ಸ್ವಿಟ್ಜರ್ಲೆಂಡ್ ಎಲ್ಲಕ್ಕಿಂತ ಮುಂದೆ, ಬ್ರೆಜಿಲ್, ಇಂಡೊನೇಷ್ಯಾ, ಮೆಕ್ಸಿಕೋ ಹಿಂದೆ. ನಡವಳಿಕೆ ಬೇರೆ ಬೇರೆ, ಅನುಮಾನವೇ ಇಲ್ಲ. ಅದನ್ನು ಜನರ ಸ್ವಭಾವ ಅಂತ ಅನ್ನುವಾಗ ಮಾತ್ರ ಸ್ವಲ್ಪ ತಡೆಯಿರಿ ಅನ್ನುತ್ತೇನೆ. ಬಾಸೆಲ್ ಅನ್ನುವುದು ಸ್ವಿಟ್ಜರ್ಲೆಂಡಿನ ಗಡಿಯೂರು. ಗಡಿಯ ಆ ಕಡೆ ಈ ಕಡೆಯ ಹಳ್ಳಿಗಳಲ್ಲಿ ಆಡುವುದು ಹೆಚ್ಚು ಕಮ್ಮಿ ಒಂದೇ ಥರದ ಜರ್ಮನ್. ಜರ್ಮನಿಯಿಂದ ತುಂಬಾ ತಡವಾಗಿ ಬಂದ ರೈಲನ್ನು ಸ್ವಿಸ್ ರೈಲ್ವೆಯವರು ಎಷ್ಟೋ ಸಲ ಬಾಸೆಲ್‌ನಲ್ಲೇ ನಿಲ್ಲಿಸಿ, ಜನರನ್ನು ತಮ್ಮ ರೈಲಿಗೆ ಹತ್ತಿಸಿ ಕಳಿಸುತ್ತಾರೆ, ಇಲ್ಲದಿದ್ದರೆ ಒಳಗಿನ ಅವರ ಟೈಮ್‌ಟೇಬಲ್ ಎಲ್ಲ ಕೆಡುತ್ತದೆ. ರೈಲು ಹಳಿಗೆ ಸ್ವಿಟ್ಜರ್ಲೆಂಡ್ ತಲಾ ಖರ್ಚು ಮಾಡುವ ಹಣ ಜರ್ಮನಿಯದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ನಾನಾದರೆ ಮೊದಲು ಆ ಲೆಕ್ಕದ ಪುಸ್ತಕ ತೆಗೆಯುತ್ತೇನೆ. ಆಮೇಲೆ ಬೇಕಾದರೆ ಸ್ವಿಸ್ ಜನರ ಸ್ವಭಾವದ ಬಗ್ಗೆ ಕಾಫಿ ಕುಡಿಯುತ್ತಾ ಮಾತಾಡೋಣ.